ಒಗ್ಗರಣೆಯಿಲ್ಲದ ಆಷಾಢ

"ಬಾಯಿ ತೆಗಿ ಸುಬ್ಬಿ... ಒಂದೇ ಒಂದು ಮೊಟ್ಟೆ ಕಣೆ" ಎಂದು ಮುನಿಯಲ್ಲಪ್ಪ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೇಡುತ್ತಿದ್ದ. ಸುಬ್ಬಮ್ಮ ತುಟಿ ಬಿಗಿಹಿಡಿದು ಗೋಡೆಯತ್ತ ತಿರುಗಿದಳು. ಬೆಳಿಗ್ಗೆ ಪಟಾಲಮ್ಮನ ಗುಡಿಯ ಮುಂದೆ ಒದ್ದೆ ಸೀರೆಯಲ್ಲಿ ಕುಸಿದು ಬಿದ್ದವಳನ್ನು ಅವನೇ ಹೊತ್ತು ತಂದಿದ್ದ. ಯಲಹಂಕದಿಂದ ಬಂದ ಡಾಕ್ಟರು ನಾಡಿ ಹಿಡಿದು, "ಜ್ವರ ಇಳಿದಿದೆ, ಆದರೆ ಮೈಯಲ್ಲಿ ಏನೂ ಉಳಿದಿಲ್ಲ. ಇವತ್ತಿಂದ ಹಾಲು, ಮೊಟ್ಟೆ ಹೊಟ್ಟೆಗೆ ಬೀಳದಿದ್ದರೆ ಜೀವ ಉಳಿಯೋದು ಕಷ್ಟ. ಹಾಸಿಗೆ ಬಿಟ್ಟು ಏಳಕೂಡದು" ಎಂದು ಹೇಳಿ ಹೋಗಿದ್ದರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಮುನಿಕೆಂಪಮ್ಮನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು.

ಅದು ಐವತ್ತೇಳನೇ ಇಸವಿಯ ಆಷಾಢ. ಮದರಾಸಿನಿಂದ ರೈಲು ಹತ್ತಿ ಬಂತೆಂದು ಜನ ಹೇಳುತ್ತಿದ್ದ ಫ್ಲೂ ಜ್ವರ ಅಮೃತಹಳ್ಳಿಯ ಮನೆಮನೆಯಲ್ಲೂ ಒಬ್ಬಿಬ್ಬರನ್ನು ಮಲಗಿಸಿತ್ತು. ಯಾರ ಮೈಮೇಲೂ ಒಂದು ಗುಳ್ಳೆ ಏಳದಿದ್ದರೂ, ಸಿಡುಬಿನಂತೆ ಇದೂ ಅಮ್ಮನ ಮುನಿಸೇ ಎಂದು ತೀರ್ಮಾನಿಸಿದವಳು ಮುನಿಕೆಂಪಮ್ಮ. ಅವಳು ಹೊತ್ತ ಹರಕೆಯಂತೆ, ಊರಿನಿಂದ ಜ್ವರ ಹೋಗುವ ತನಕ ಮನೆಯಲ್ಲಿ ಒಗ್ಗರಣೆಯಿಲ್ಲ, ಮಾಂಸ ಮೊಟ್ಟೆಯಿಲ್ಲ, ಹೆಂಗಸರಿಗೆ ಒಂದೇ ಹೊತ್ತು ಉಪ್ಪಿಲ್ಲದ ಅಂಬಲಿ. ದಿನಾ ಬೆಳಗಾಗುತ್ತಲೇ ಅತ್ತೆ ಸೊಸೆ ತಣ್ಣೀರು ಹುಯ್ದುಕೊಂಡು ಗುಡಿಗೆ ತಲಾ ಇಪ್ಪತ್ತೊಂದು ಸುತ್ತು. ಸೊಸೆ ಜ್ವರದಲ್ಲಿ ತೂರಾಡುತ್ತಿದ್ದಾಗಲೂ, "ನಡೆದ್ರೆ ಮೈ ಅಗುರಾಯ್ತದೆ, ಅಮ್ಮ ಇಳೀತಾಳೆ" ಎಂದು ಎಬ್ಬಿಸಿ ಕಳಿಸಿದ ಮಹಾತಾಯಿ ಅವಳು.

ಮತ್ತೆ ತಾನು? ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ! ತನಗೂ ಜ್ವರ ತಾಗಿದ್ದೇ ತಡ, ಮಂಡಿನೋವೆಂದು ಸುತ್ತು ಬಿಟ್ಟಳು. ಬೇಲಿಯಾಚೆಯ ಲಾಲ್ ಸಾಬರ ಹೆಂಡತಿ ಮಲ್ಕಾ ಮರುಕದಿಂದ ಕೊಟ್ಟ ಕುರಿಯ ಕಾಲು ಸಾರನ್ನು ಅವಳ ಅಡಿಗೆಮನೆಯಲ್ಲೇ ಕೂತು ಎಂಟು ದಿನ ಕುಡಿದಳು. ಚೇತರಿಸಿಕೊಂಡ ಮೇಲೆ, "ನೋಡಿದ್ರಾ ಅರಕೆ ಫಲವ" ಎಂದು ಊರವರೆದುರು ಜಂಬವನ್ನೂ ಕೊಚ್ಚಿಕೊಂಡಳು. ನಾಲಿಗೆಗೆ ಮೂಳೆಯಿಲ್ಲವಲ್ಲ.

"ಅವ್ವಾ, ನೀನಾರ ಇವಳಿಗೆ ಏಳು. ನಿನ್ ಮಾತು ಬಿಟ್ರೆ ಇವಳು ಯಾರ್ ಮಾತೂ ಕೇಳಾಕಿಲ್ಲ" ಎಂದ ಮಗ, ಅಳು ತಡೆಯುತ್ತ.

"ತಿನ್ನವ್ವ ಸುಬ್ಬಿ. ನಾನೇ ಏಳ್ತಾ ಇವ್ನಿ."

"ಅಮ್ಮನಿಗೆ ಕೊಟ್ಟ ಮಾತು ಅತ್ತೆ... ಮುರಿದ್ರೆ ಮನೆಗೆ ಕೇಡು. ಸತ್ರೂ ಬ್ಯಾಡ."

ಅಂಗಳದಲ್ಲಿ ನಾಲ್ಕಾರು ಹೆಂಗಸರು ನೆರೆದಿದ್ದರು, ಮಲ್ಕಾಳೂ ಇದ್ದಳು. ಈಗ ಬಾಯಿ ಬಿಟ್ಟರೆ ಊರಲ್ಲಿ ತಲೆಯೆತ್ತುವಂತಿಲ್ಲ, ಬಿಡದಿದ್ದರೆ ಈ ಹೆಣ್ಣು ಉಳಿಯುವುದಿಲ್ಲ. ಮುನಿಕೆಂಪಮ್ಮ ಸೊಸೆಯ ಕಾಲ ಬಳಿ ಕುಸಿದು ಕುಳಿತಳು.

"ಅರಕೆ ಯಾವತ್ತೋ ಮುರಿದೋಗದೆ ಕಣವ್ವ. ಮುರಿದೋಳು ನಾನು. ಮಂಡಿನೋವು ಸುಳ್ಳು... ಮಲ್ಕಾ ಮನೇಲಿ ಎಂಟು ದಿನ ಕಾಲು ಸಾರು ಕುಡಿದೆ. ನಿನ್ನ ಉಪಾಸ ಕೆಡವಿ ನನ್ ಹೊಟ್ಟೆ ತುಂಬಿಸ್ಕೊಂಡೆ..."

ಮಗನ ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತು. ಸುಬ್ಬಮ್ಮ ಮೆಲ್ಲಗೆ ಈಚೆ ತಿರುಗಿದಳು.

"ಗೊತ್ತಿತ್ತು ಅತ್ತೆ. ಸೆರಗಲ್ಲಿ ಮಸಾಲೆ ವಾಸ್ನೆ ಬತ್ತಿತ್ತು. ಅಮ್ಮ ನಿಮ್ ಮ್ಯಾಲೆ ಮುನೀಬಾರ್ದು ಅಂತ... ನಿಮ್ ಪಾಲಿನ ಸುತ್ತೂ ನಾನೇ ಆಕ್ತಿದ್ದೆ."

ದಿನಕ್ಕೆ ನಲವತ್ತೆರಡು! ಜ್ವರದ ಮೈಯಲ್ಲಿ, ಅಂಬಲಿಯ ಹೊಟ್ಟೆಯಲ್ಲಿ... ಮಗ ಬೈದಿದ್ದರೆ, ಊರು ಉಗಿದಿದ್ದರೆ ಮುನಿಕೆಂಪಮ್ಮ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡು ಬಿಕ್ಕಿದಳು.

"ಇನ್ನು ನನ್ ಪಾಲು ನೀನು ಒರಬ್ಯಾಡ ಕಂದಾ. ಎಲ್ಲಾರ ಮುಂದೆ ಒಪ್ಕೊಂಡಿದ್ದೀನಿ. ಅಮ್ಮ ಏನು ಕೊಟ್ರೂ ನಂಗೇ ಕೊಡ್ಲಿ. ಈಗ ಬಾಯಿ ತೆಗಿ."

ಮಗನ ಕೈಯಿಂದ ಬಟ್ಟಲು ತೆಗೆದುಕೊಂಡು, ಮೊಟ್ಟೆಯನ್ನು ಚೂರು ಮಾಡಿ ತುಟಿಗೆ ಹಿಡಿದಳು. ಸುಬ್ಬಮ್ಮ ಅತ್ತೆಯ ಮುಖವನ್ನೇ ನೋಡುತ್ತ ಬಾಯಿ ತೆರೆದಳು, ಪ್ರಯಾಸದಿಂದ ನುಂಗಿದಳು. ಆಮೇಲೆ ಎಂದಿನ ಅಭ್ಯಾಸದಂತೆ, "ನೀವು ಉಂಡ್ರಾ ಅತ್ತೆ?" ಎಂದು ಕೇಳಿದಳು.

ಮುನಿಕೆಂಪಮ್ಮನಿಗೆ ತಲೆಯೆತ್ತಲು ಆಗಲಿಲ್ಲ.