ಬಣ್ಣ ಹಚ್ಚದ ಹಕ್ಕಿಗಳು

"ಕಳ್ಳಿ! ಮಕ್ಳು ಮಾಡಿದ ಮಣ್ಣಿನ ಹಕ್ಕೀನೂ ಬುಡಲ್ವಲ್ಲ ನೀನು!"

ನಿಡಘಟ್ಟದ ಅಂಗನವಾಡಿಯ ಬಾಗಿಲಲ್ಲಿ ನಿಂತು ಟೀಚರ್ ಇಂದ್ರಮ್ಮ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಬೈಸಿಕೊಂಡ ಸಹಾಯಕಿ ಸಣ್ಣತಾಯಮ್ಮ ನೇರವಾಗಿ ಪುಟ್ಟಮಾದಮ್ಮನ ಜಗುಲಿಗೆ ಬಂದು ಕುಸಿದಳು.

ಪುಟ್ಟಮಾದಮ್ಮ ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಊರಿನಲ್ಲಿ ಏನು ಕಳೆದರೂ ಜನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಪಕ್ಕದ ಮನೆಯ ವೀಣ ಅವಳ ಬೆನ್ನಿಗೇ ಇರುತ್ತಿದ್ದಳು. ಮಾತು ಕಡಿಮೆ, ನೋಟ ಜಾಸ್ತಿ.

"ಸೂಪರ್‌ವೈಸರ್‌ಗೆ ಬರ್ದಾಕಿ ಕೆಲ್ಸದಿಂದ ತೆಗೆಸ್ತೀನಿ ಅಂತವ್ರೆ ಕಣಕ್ಕ. ಕಳ್ಳಿ ಅನ್ನಿಸ್ಕಂಡು ಈ ಊರಲ್ಲಿ ಎಂಗ್ ಬಾಳ್ಲಿ?" ಎಂದಳು ಸಣ್ಣತಾಯಮ್ಮ.

ಮೂವರೂ ಅಂಗನವಾಡಿಗೆ ಹೋದರು. ಮಕ್ಕಳು ಮಣ್ಣು, ಬಣ್ಣ, ಕಾಗದ ಹಿಡಿದು ತೋಚಿದ್ದನ್ನು ಮಾಡಲಿ ಎಂದು ಅಲ್ಲೊಂದು ಕೋಣೆ ಮೀಸಲಿತ್ತು. 'ಮಣ್ಣಾಟಕ್ಕೊಂದು ರೂಮಾ' ಎಂದು ಅಪ್ಪಅಮ್ಮಂದಿರು ಗೊಣಗಿದರೂ ಮಕ್ಕಳು ಅಲ್ಲಿಂದ ಕದಲುತ್ತಿರಲಿಲ್ಲ. ಕೈ ತೊಳೆಯುವ ನಲ್ಲಿಯೂ ಅಲ್ಲೇ.

"ದಿನಾ ಒಂದೆರಡು ಮಾಯ. ಇವಳ ಮನೇಲಿ ಹೊಸದಾಗಿ ಒಲೆ ಮೆತ್ತಿದಾಳೆ. ಇನ್ನೇನು ಸಾಕ್ಷಿ ಬೇಕು?" ಎಂದರು ಇಂದ್ರಮ್ಮ.

ಗೊಂಬೆಗಳು ಒಣಗುತ್ತಿದ್ದದ್ದು ದೊಡ್ಡವರ ಕೈಗಷ್ಟೇ ಎಟುಕುವ ಹಲಗೆಯ ಮೇಲೆ. ಅಲ್ಲಿ ನೀರು ಚಿಮುಕಿಸಿದ ಕಲೆಗಳಿದ್ದವು. ಬಣ್ಣ ಹಚ್ಚಿದ ಗೊಂಬೆಗಳೆಲ್ಲ ಹಾಗೇ ಇದ್ದವು; ಕಿವಿಯ ಬುಡದವರೆಗಷ್ಟೇ ಬಣ್ಣ ಬಳಿದ ಬಸವನೊಂದಕ್ಕೆ ಮಾತ್ರ ಕಿವಿ ಇರಲಿಲ್ಲ. ಕೆಳಗೆ ಕಲಸಿದ ಮಣ್ಣಿನ ಬಕೆಟ್ಟು ತುಂಬಿಕೊಂಡೇ ಇತ್ತು.

ಪುಟ್ಟಮಾದಮ್ಮ ಮಧ್ಯಾಹ್ನದವರೆಗೆ ಹೊರಗೆ ಅಂಗನವಾಡಿಯ ಪಡಸಾಲೆಯಲ್ಲಿ ಕೂತಳು. ಅಂಗನವಾಡಿಯಲ್ಲಿ ದಿನಾ ಕೊಡುವ ಊಟಕ್ಕೆ ಊರಿನ ಬಸುರಿಯರು ಬಂದರು. ದೀಪಿಕ ಎಂಬುವಳು ತಟ್ಟೆಯ ಅನ್ನ ಹಾಗೇ ಬಿಟ್ಟು ಎಲ್ಲರಿಗಿಂತ ಮೊದಲು ಕೈ ತೊಳೆಯಲು ಎದ್ದಳು. ತಿರುಗಿ ಬರಲು ಬಹಳ ಹೊತ್ತಾಯಿತು.

ವೀಣಳಿಗೆ ತಲೆ ಕೆಟ್ಟುಹೋಯಿತು. "ಗೊತ್ತಾಗಿದ್ರೆ ಹೇಳ್ಬಾರ್ದಾ ಅತ್ತೆ?"

"ನಾನ್ ನೋಡಿದ್ನೆಲ್ಲ ನೀನೂ ನೋಡ್ದೆ. ಸುಮ್ಕಿರು."

ಮಾರನೆಯ ದಿನ ಊಟ ಮುಗಿದ ಮೇಲೆ ಪುಟ್ಟಮಾದಮ್ಮ ಎಲ್ಲರನ್ನೂ ಆ ಮಣ್ಣಾಟದ ಕೋಣೆಯಲ್ಲೇ ಕೂರಿಸಿದಳು.

"ಮೊದ್ಲು ಒಲೆ ಮಾತು. ಒಲೆ ಮೆತ್ತೋಳಿಗೆ ಅಸಿ ಮಣ್ಣು ಬೇಕು. ಬಕೀಟು ಅಂಗೇ ಅದೆ. ಒಣಗಿ ಕಲ್ಲಾದ ಹಕ್ಕಿ ಕದ್ದು ಯಾವ್ಳು ಒಲೆ ಮೆತ್ತಾಳು?"

ಹೆಂಗಸರು ಕಿಸಕ್ಕನೆ ನಕ್ಕರು.

"ಮಕ್ಳಿಗೆ ಅಲಗೆ ಎಟುಕಲ್ಲ. ಬೀಗ ಮುರ್ದಿಲ್ಲ. ಅಂದ್ರೆ ಅಗಲೊತ್ತು, ಈ ಕೋಣೆಗೆ ಬರೋ ದೊಡ್ಡೋರೇ ತಗಂಡವ್ರೆ. ಬಣ್ಣ ಹಚ್ಚಿದ್ದು ಒಂದೂ ಓಗಿಲ್ಲ. ಬಸವನ ಬಣ್ಣ ಕಿವಿ ಬುಡಕ್ಕೇ ನಿಂತದೆ, ಕಿವಿಗೆ ಬಣ್ಣ ಇರ್ನಿಲ್ಲ. ಕಿವಿ ಮಾತ್ರ ಇಲ್ಲ. ಅವ್ರಿಗೆ ಬೇಕಾಗಿದ್ದು ಗೊಂಬೆ ಅಲ್ಲ, ಬರೀ ಮಣ್ಣು. ಒಣ ಮಣ್ಣಿಗೆ ನೀರು ಚಿಮುಕ್ಸಿದ್ದು ಯಾತಕ್ಕೆ? ವಾಸ್ನೆಗೆ. ಊಟ ಆದ್ಮೇಲೆ ಕೈ ತೊಳ್ಯೋಕೆ ಬಸ್ರೀರೆಲ್ಲ ಇಲ್ಗೇ ಬತ್ತಾರೆ. ಒಬ್ಳಿಗೆ ಅನ್ನ ಸೇರ್ತಿಲ್ಲ, ಮಣ್ಣು ಸೇರ್ತದೆ. ನಾನೂ ಬಸ್ರೀಲಿ ತಿಂದಿವ್ನಿ ಕಣ್ರಮ್ಮ. ಎಸ್ರು ಯೋಳಲ್ಲ."

ದೀಪಿಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ನಾನೇ ಕಣತ್ತೆ. ಆ ವಾಸ್ನೆ ಬಂದ್ರೆ ತಡ್ಕಳಕ್ಕಾಗಲ್ಲ. ಮನೇಲಿ ಗೊತ್ತಾದ್ರೆ ಬಯ್ತಾರೆ ಅಂತ ಬಾಯ್ಬುಡ್ನಿಲ್ಲ."

"ಅಳ್ಬೇಡ. ರಕ್ತ ಕಮ್ಮಿ ಇದ್ರೆ ಇಂಗಾಯ್ತದೆ. ನಾಳೆ ಮದ್ದೂರು ಆಸ್ಪತ್ರೇಲಿ ತೋರ್ಸು, ಕೊಟ್ಟ ಮಾತ್ರೆ ನುಂಗು."

ಇಂದ್ರಮ್ಮ ಸೀರೆ ಕೊಡವಿಕೊಂಡು ಎದ್ದರು. "ಸರಿ, ಗೊತ್ತಾಯ್ತಲ್ಲ. ಸಣ್ಣತಾಯಮ್ಮ, ಪಾತ್ರೆ ಬಿದ್ದಿವೆ ನೋಡು."

ಇಷ್ಟೇನಾ? ವೀಣಳ ಮೈಯೆಲ್ಲ ಉರಿಯಿತು.

ಸಣ್ಣತಾಯಮ್ಮ ಕೂತಲ್ಲಿಂದ ಏಳಲಿಲ್ಲ. "ಕಳ್ಳಿ ಅಂದಿದ್ದು ಬೀದೀಲಿ ಮೇಡಂ. ಅಲ್ಲ ಅನ್ನೋದನ್ನೂ ಅಲ್ಲೇ ಅನ್ನಿ."

"ಏನು, ನನ್ನೇ ಬೀದೀಲಿ ನಿಲ್ಲಿಸ್ತೀಯಾ?"

ಒಬ್ಬ ಹೆಂಗಸೂ ಮನೆಗೆ ಹೊರಡಲಿಲ್ಲ. ಕೊನೆಗೆ ಇಂದ್ರಮ್ಮ ಬಾಗಿಲಿಗೆ ಹೋಗಿ, ಬೀದಿಗೆ ಮುಖ ಮಾಡಿ, ತುಟಿ ಅಲುಗಿಸಿ ಏನೋ ಹೇಳಿದರು.

"ಕೇಳುಸ್ನಿಲ್ಲ," ಎಂದಳು ಸಣ್ಣತಾಯಮ್ಮ. "ನೆನ್ನೆ ಕೂಗಿದಷ್ಟೇ ಜೋರಾಗಿ ಅನ್ನಿ."