ಮಾತಾಡದ ಹಡಗು

ಅಥವಾ... ತನ್ನ ದನಿಯೇ ತೊಲೆಗೆನ್‌ಗೆ ಬೇಸರವಾಗಿತ್ತೇ?

ಅಲ್ಮಾತಿಯ ರೇಡಿಯೋ ಸ್ಟುಡಿಯೋದಲ್ಲಿ ಮೈಕಿನ ಮುಂದೆ ಕುಳಿತ ಅಕ್ಮರಾಲ್‌ಗೆ ಬೇರೆ ಕಾರಣ ಹೊಳೆಯಲಿಲ್ಲ. ತೊಲೆಗೆನ್ ಬರೆಯುತ್ತಿದ್ದ ಧಾರಾವಾಹಿಯಲ್ಲಿ ಅವಳೇ ಹಡಗು. ನಕ್ಷತ್ರಗಳ ನಡುವೆ ಒಂಟಿ ಯಾತ್ರಿಕನನ್ನು ಹೊತ್ತು ಸಾಗುವ, ಅವನೊಡನೆ ಹರಟುವ, ಮುನಿಸಿಕೊಳ್ಳುವ ಹಡಗು. ಊರಿಗೆಲ್ಲ ಅವಳ ದನಿ ಗೊತ್ತು, ಮುಖ ಗೊತ್ತಿಲ್ಲ.

ಈಗ ಆ ಕಥೆ ಸಿನಿಮಾ ಆಗುತ್ತಿತ್ತು. ಚಿತ್ರಕಥೆಯೂ ತೊಲೆಗೆನ್‌ನದೇ.

ಅದರಲ್ಲಿ ಹಡಗು ಒಂದು ಮಾತನ್ನೂ ಆಡುವುದಿಲ್ಲವಂತೆ.

ಬಾಗಿಲು ಸರಿಯಿತು. ತೊಲೆಗೆನ್ ನಿಂತಿದ್ದ, ಕೈಯಲ್ಲಿ ಕರವಸ್ತ್ರದ ಗಂಟು. ಔತಣದಿಂದ ಏಳುವಾಗ ಎಲ್ಲರೂ ಮನೆಯವರಿಗೆಂದು ಕಟ್ಟಿಕೊಳ್ಳುವ ಪಾಲು, ಸರ್ಕಿತ್. ಇವನು ಮಾತ್ರ ಅದನ್ನು ಪ್ರತಿ ಸಲವೂ ರೇಡಿಯೋಗೆ ತರುತ್ತಿದ್ದ.

"ಸಿನಿಮಾದವರ ಔತಣ ಇತ್ತು. ಬೌರ್ಸಾಕ್ ಇನ್ನೂ ಮೆತ್ತಗಿದೆ, ತಿನ್ನು."

"ನನ್ನ ಬಾಯಿ ಮುಚ್ಚಿಸಿದ್ದಕ್ಕೆ ಔತಣನಾ?"

ಧ್ವನಿ ತಂತ್ರಜ್ಞೆ ರೌಶನ್ ಗಾಜಿನಾಚೆಯಿಂದ ಎದ್ದು ಬಂದಳು. "ನಾನು ಚಹಾ ಕುಡಿದು ಬರ್ತೀನಿ. ನೀವಿಬ್ರೂ ಜಗಳ ಮುಗಿಸಿ. ಮೈಕ್ ಮುರೀಬೇಡಿ, ಹೊಸದು."

ಅವಳು ಹೋದಳು. ತೊಲೆಗೆನ್ ಗಂಟನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಂತ. ಅವನ ಮೌನಗಳ ಅಭ್ಯಾಸ ಅಕ್ಮರಾಲ್‌ಗಿತ್ತು. ಆದರೆ ಇಂದು ಅದು ಚುಚ್ಚಿತು.

"ಹೇಳು ಮಾರಾಯ. ನನ್ನ ದನಿ ಸಾಕಾಯ್ತು ಅಂತಾದ್ರೂ ಹೇಳು. ಎದ್ದು ಹೋಗ್ತೀನಿ."

"ಅವರು ದೊಡ್ಡ ನಟಿಯ ದನಿ ಹಾಕ್ತೀವಿ ಅಂದ್ರು."

"ಹಾಕಲಿ. ಅದಕ್ಕೇನೀಗ?"

"ಕೂತು ಕೇಳಿದೆ. ಚೆನ್ನಾಗೇ ಓದಿದ್ರು. ಆದ್ರೆ ನಂಗೆ... ಯಾರದೋ ಮನೇಲಿ ಕೂತ ಹಾಗಾಯ್ತು." ಅವನು ನೆಲ ನೋಡಿದ. "ನಿನ್ನನ್ನೇ ಕರೀರಿ ಅಂದೆ, ಒಪ್ಪಲಿಲ್ಲ. ಹಾಗಾದ್ರೆ ಹಡಗು ಮಾತಾಡೋದೇ ಬೇಡ ಅಂತ ಬರೆದುಕೊಟ್ಟೆ."

ಅಕ್ಮರಾಲ್‌ಳ ಕೋಪಕ್ಕೆ ನಿಲ್ಲಲು ಜಾಗವಿಲ್ಲದಂತಾಯಿತು. ತನ್ನನ್ನು ಅಳಿಸಿದ್ದಾನೆ ಅಂದುಕೊಂಡಿದ್ದಳು... ಅವನು ಆ ಜಾಗಕ್ಕೆ ಯಾರೂ ಬರದಂತೆ ಕಾದಿದ್ದ!

"ಮಾತೇ ಇಲ್ದಿದ್ರೆ," ಅವಳ ದನಿ ತಗ್ಗಿತು, "ಹಡಗಿಗೆ ಅವನ ಮೇಲೆ ಮನಸ್ಸಿದೆ ಅಂತ ನೋಡೋರಿಗೆ ಹೇಗೆ ಗೊತ್ತಾಗುತ್ತೆ?"

"ಅವನು ಹತ್ತಿರ ಬಂದಾಗೆಲ್ಲ ಬಾಗಿಲು ತಾನೇ ತೆರೆಯುತ್ತೆ. ಆ ಸದ್ದು ರೇಡಿಯೋದ್ದೇ ಇರ್ಲಿ ಅಂದೆ. ಅದಕ್ಕೆ ಒಪ್ಪಿದ್ರು."

ರೇಡಿಯೋದಲ್ಲಿ ಬಾಗಿಲು ತೆರೆಯುವ ಸದ್ದೆಂದರೆ ಮೈಕಿಗೆ ತುಟಿ ತಾಗಿಸಿ ಅವಳು ಮೆಲ್ಲಗೆ ಬಿಡುತ್ತಿದ್ದ ಉಸಿರು.

ಅವಳು ಗಂಟು ಬಿಚ್ಚಿದಳು. ಕರಿದ ಹಿಟ್ಟಿನ ಬೌರ್ಸಾಕ್ ಒಂದನ್ನು ಮುರಿದು ಅರ್ಧ ಅವನ ಕೈಗಿಟ್ಟಳು.

"ಇನ್ಮೇಲೆ ನಂಗೆ ಸರ್ಕಿತ್ ತರಬೇಡ."

ಅವನ ಮುಖ ಬಾಡಿತು. "ಯಾಕೆ?"

"ಔತಣಕ್ಕೆ ನನ್ನನ್ನೇ ಕರ್ಕೊಂಡು ಹೋಗು."

ಅವನು ಕೈಯಲ್ಲಿದ್ದ ಬೌರ್ಸಾಕ್ ತಿರುಗಿಸಿದ.

"ಅಮ್ಮ ಕೇಳ್ತಾನೇ ಇರ್ತಾಳೆ, ಮನೆಗೆ ಬರಬೇಕಾದ ಗಂಟು ಪ್ರತಿ ಸಲ ಎಲ್ಲಿಗೆ ಹೋಗುತ್ತೆ ಅಂತ."

"ನೀನೇನಂದೆ?"

"ಮನೆಗೇ ಅಂದೆ."

ಪ್ರೀತಿಸುತ್ತೇನೆ ಎಂಬ ಮಾತನ್ನು ತೊಲೆಗೆನ್ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.