ಹಳದಿ ಗೆರೆ

"ಓಟದಲ್ಲಿ ಕಾರು ತಾನಾಗೇ ಹೊತ್ಕೊಂಡಿದ್ದಲ್ಲ ಸಾರ್. ಯಾರೋ ಕೈಯಾಡ್ಸಿದಾರೆ. ನನ್ನ ತಮ್ಮನ ಮೇಲೆ ಹೊಟ್ಟೆಕಿಚ್ಚು ಪಡೋರು ಒಬ್ರಾ ಇಬ್ರಾ!"

ಭಾನುವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ಮೇಜಿನೆದುರು ನಿಂತಿದ್ದವನ ಅಂಗಿಯ ತೋಳಿಗೆಲ್ಲ ಮಸಿ. ಇನ್‌ಸ್ಪೆಕ್ಟರ್ ಎಡ ದವಡೆಯನ್ನು ಅಂಗೈಯಲ್ಲಿ ಒತ್ತಿಕೊಂಡೇ ಕೇಳಿಸಿಕೊಂಡರು. ಹಲ್ಲುನೋವಿಗೆ ಇದು ನಾಲ್ಕನೆಯ ದಿನ. ಡಾಕ್ಟರ ಹತ್ತಿರ ಹೊರಟಾಗಲೆಲ್ಲ ಯಾರಾದರೊಬ್ಬರು ದೂರು ಹೊತ್ತು ಬಾಗಿಲಲ್ಲಿ ನಿಂತಿರುತ್ತಿದ್ದರು.

"ತಮ್ಮ ಹೇಗಿದಾನೆ?"

"ಎರಡೂ ಕೈ ಸುಟ್ಟಿದೆ. ಜೀವಕ್ಕೆ ಭಯ ಇಲ್ಲ ಅಂದ್ರು. ಹೆಂಡ್ತಿ ಏಳು ತಿಂಗಳ ಬಸುರಿ ಸಾರ್, ಆಸ್ಪತ್ರೇಲಿ ಪಕ್ಕದಲ್ಲೇ ಕೂತಿದಾಳೆ."

"ಓಟಕ್ಕೆ ಮುಂಚೆ ಕಾರು ಸರಿ ಇತ್ತಾ?"

"ಕಪ್ಪು ಹೊಗೆ ಬಿಡ್ತಿತ್ತು. ಶುಕ್ರವಾರ ತಾನೇ ಬೇರೆ ಕಡೆ ದೊಡ್ಡ ಪಂಪ್ ಹಾಕ್ಸಿದ್ದ. ಹೊಸದಲ್ವಾ, ಸರಿಹೋಗುತ್ತೆ ಬಿಡು ಅಂದ."

"ಕಾರು ನಿಲ್ಲಿಸೋದೆಲ್ಲಿ?"

"ಅವನ ಮಾವನ ಗ್ಯಾರೇಜಿನ ಹಿಂದೆ. ಮಾವನೇ ಅಲ್ಲಿ ಮೇಸ್ತ್ರಿ, ಆದ್ರೆ ಕಾರು ಮುಟ್ಟಿ ತಿಂಗಳಾಯ್ತು. ಮಾವಂಗೂ ಅಳಿಯಂಗೂ ಮಾತೇ ಇಲ್ಲ."

ಎಫ್‌ಐಆರ್ ದಾಖಲಾಯಿತು. ಠಾಣೆಯ ಜೀಪು ಎಂದಿನಂತೆ ಮುಷ್ಕರ ಹೂಡಿತ್ತು. ಇಬ್ಬರು ಕಾನ್‌ಸ್ಟೆಬಲ್‌ಗಳು ಹೆಗಲು ಕೊಟ್ಟು ತಳ್ಳಿದ ಮೇಲೆ ಕೆಮ್ಮುತ್ತಾ ಎದ್ದಿತು. "ರೇಸ್ ಕಾರು ನೋಡೋಕೆ ಹೋಗ್ತಿದೀವಿ, ಸ್ವಲ್ಪ ಮರ್ಯಾದೆ ಉಳಿಸೇ ತಾಯಿ," ಎಂದ ದಫೇದಾರ.

ಮಧ್ಯಾಹ್ನ ಒಂದೂಕಾಲಿಗೆ ಓಟದ ಮೈದಾನದಲ್ಲಿ ಪಂಚನಾಮೆ ಶುರುವಾಯಿತು. ಕಾರಿನ ಮುಂಭಾಗ ಸುಟ್ಟು ಕರಕಲಾಗಿತ್ತು. ಹಿಂಭಾಗಕ್ಕೆ ಬೆಂಕಿ ತಗುಲಿರಲಿಲ್ಲ. ಮೋಟಾರು ವಾಹನ ನಿರೀಕ್ಷಕರು ಅಡಿಯಿಂದ ತೆವಳಿಕೊಂಡು ಹೊರಬಂದರು.

"ನೋಡಿ, ಟರ್ಬೊ ಇಂಜಿನ್ನಿಗೆ ಗಾಳಿ ತುರುಕುತ್ತೆ. ಗಾಳಿ ಹೆಚ್ಚಾದಷ್ಟೂ ಪೆಟ್ರೋಲೂ ಹೆಚ್ಚು ಬೇಕು, ಅದಕ್ಕೇ ದೊಡ್ಡ ಪಂಪು. ಮಿಕ್ಕಿದ್ದನ್ನ ರೆಗ್ಯುಲೇಟರ್ ವಾಪಸ್ ಟ್ಯಾಂಕಿಗೆ ಕಳಿಸುತ್ತೆ. ಆ ವಾಪಸ್ ಪೈಪಿಗೆ ಯಾರೋ ಒಂದು ಕ್ಲಿಪ್ಪು ಬಿಗಿದು ಅರ್ಧ ಹಿಸುಕಿದಾರೆ. ಒತ್ತಡ ಏರಿ ಮುಂದಿನ ಪೈಪು ಕಳಚ್ಕೊಂಡಿದೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲು. ಇನ್ನೇನು ಬೇಕು?"

"ಅರ್ಧ ಯಾಕೆ? ಪೂರ್ತಿ ಹಿಸುಕಬಹುದಿತ್ತಲ್ಲ."

"ಅದೇ ನನಗೂ ತಿಳೀತಿಲ್ಲ. ಕೈ ಮಾತ್ರ ಬಹಳ ನಾಜೂಕು."

ಇನ್‌ಸ್ಪೆಕ್ಟರ್ ನೆಲದ ಮೇಲೆ ಅಂಗಾತ ಮಲಗಿ ಟಾರ್ಚು ಬಿಟ್ಟರು. ಕ್ಲಿಪ್ಪಿನ ಸ್ಕ್ರೂ ತಲೆಯಿಂದ ಪಟ್ಟಿಯವರೆಗೆ ಒಂದು ಸಣ್ಣ ಹಳದಿ ಬಣ್ಣದ ಗೆರೆ. ಕಾರಿನ ಅಡಿಯಲ್ಲಿ ಅಷ್ಟು ಹೊಸ ಗೆರೆ ಇನ್ನೆಲ್ಲೂ ಇರಲಿಲ್ಲ.

"ಗೆರೇನೂ ಬರೀಬೇಕಾ ಸಾರ್?" ಪಂಚನಾಮೆ ಬರೆಯುತ್ತಿದ್ದ ದಫೇದಾರ ಕೇಳಿದ.

"ಬರಿ. ಉದ್ದ ಎಷ್ಟು ಅನ್ನೋದೂ ಬರಿ."

ಸೋಮವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಗ್ಯಾರೇಜು. ಸ್ಪ್ಯಾನರುಗಳು ಗೋಡೆಯ ಮೇಲೆ ಎತ್ತರದ ಪ್ರಕಾರ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಮೇಸ್ತ್ರಿ ಒಂದು ಬೈಕಿನ ಚಕ್ರ ಕೂಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಶನಿವಾರ ಎಲ್ಲಿದ್ರಿ?"

"ಇಲ್ಲೇ."

"ಅಳಿಯನ ಕಾರು ಮುಟ್ಟಿದ್ರಾ?"

"ನನಗೂ ಅದಕ್ಕೂ ಸಂಬಂಧ ಇಲ್ಲ."

ಹೇಳುತ್ತಲೇ ಅವರು ಚಕ್ರದ ನಟ್ಟನ್ನು ಬಿಗಿದರು. ಎಡಗೈ ತಾನಾಗಿ ಪಕ್ಕದ ಡಬ್ಬಿಗೆ ಹೋಯಿತು; ಬ್ರಷ್ಷು ನಟ್ಟಿನಿಂದ ಚಕ್ರದವರೆಗೆ ಹಳದಿ ಗೆರೆ ಎಳೆದು ಡಬ್ಬಿಗೆ ಮರಳಿತು. ಇನ್‌ಸ್ಪೆಕ್ಟರ್ ಅಲ್ಲಿದ್ದ ಬೈಕುಗಳನ್ನೆಲ್ಲ ನೋಡಿದರು. ಎಲ್ಲ ನಟ್ಟುಗಳ ಮೇಲೂ ಗೆರೆ.

"ಇದೇನಿದು ಮೇಸ್ತ್ರಿ?"

"ಬಿಗಿ ಮಾಡಿದ್ದಕ್ಕೆ ಗುರುತು. ನಟ್ಟು ಸಡಿಲಾದ್ರೆ ಗೆರೆ ಮುರಿಯುತ್ತೆ, ಥಟ್ಟಂತ ಗೊತ್ತಾಗುತ್ತೆ. ಮೂವತ್ತು ವರ್ಷದ ಅಭ್ಯಾಸ."

ಇನ್‌ಸ್ಪೆಕ್ಟರ್ ಕಾರಿನ ಕ್ಲಿಪ್ಪಿನ ಫೋಟೋ ಮುಂದೆ ಹಿಡಿದರು. ಮೇಸ್ತ್ರಿ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಇದಕ್ಕೂ ಎಳೆದುಬಿಟ್ಟಿದೀನಾ?" ಎಂದರು, ಬೇರೆ ಯಾರದೋ ತಪ್ಪು ಕಂಡವರಂತೆ. ಆಮೇಲೆ ಅಲ್ಲಿದ್ದ ಟೈರಿನ ಮೇಲೆ ಕೂತರು.

"ಶನಿವಾರ ರಾತ್ರಿ ಹಳೇ ಪಂಪಿಗೆ ಲೆಕ್ಕ ಹಾಕಿ ಬಿಗಿದಿದ್ದೆ ಸಾರ್. ಅದರ ತಾಕತ್ತು ನನಗೆ ಗೊತ್ತು. ಪೆಟ್ರೋಲು ಜಾಸ್ತಿಯಾಗಿ ಹೊಗೆ ಬಿಟ್ಟು ನಿಂತ್ಹೋಗ್ಬೇಕಿತ್ತು, ಅಷ್ಟೇ. ಜನ ನಗಲಿ, ಅವಮಾನಕ್ಕಾದ್ರೂ ಓಟ ಬಿಡ್ತಾನೆ ಅಂತ. ಓಟ ಇದ್ದ ದಿನವೆಲ್ಲ ಮಗಳು ಫೋನ್ ಹಿಡ್ಕೊಂಡು ಗೋಡೆಗೆ ಒರಗಿ ಕೂತಿರ್ತಿದ್ಲು. ಹನಿ ನೀರು ಮುಟ್ತಿರಲಿಲ್ಲ. ಹೊಟ್ಟೇಲಿ ಮಗು ಬೇರೆ."

"ದೊಡ್ಡ ಪಂಪ್ ಹಾಕ್ಸಿದ್ದು?"

"ಪಂಪು ಟ್ಯಾಂಕಿನೊಳಗಿರುತ್ತೆ, ಕಣ್ಣಿಗೆ ಕಾಣಲ್ಲ. ಯಾರು ಹೇಳ್ಬೇಕು ನನಗೆ? ಮಾತು ಬಿಟ್ಟಿದ್ದೆನಲ್ಲ."

ಇನ್‌ಸ್ಪೆಕ್ಟರರ ಹಲ್ಲು ಮತ್ತೆ ಮಿಡಿಯತೊಡಗಿತು. ಕಳ್ಳ ಕೈಗೆ ಸಿಕ್ಕಾಗ ಆಗುವ ಖುಷಿ ಎಲ್ಲಿಂದಲೂ ಬರಲಿಲ್ಲ. ಹನ್ನೊಂದೂವರೆಗೆ ದಫೇದಾರ ಬಂಧನದ ಹಾಳೆ ತುಂಬಿಸುತ್ತಾ ಕೇಳಿದ:

"ಬಂಧನದ ವಿಷಯ ಯಾರಿಗೆ ತಿಳಿಸ್ಬೇಕು? ಮಗಳಿಗೆ ಅಂತ ಬರೀಲಾ?"

ಮೇಸ್ತ್ರಿ ಅಡ್ಡಡ್ಡ ತಲೆಯಾಡಿಸಿದರು. "ಅಳಿಯಂಗೆ. ಮೊದಲು ಅವನಿಗೇ ಹೇಳ್ಬೇಕು. ನಾನೇ ಹೇಳ್ತೀನಿ, ಫೋನ್ ಮಾಡಿಕೊಡಿ."

"ಅವನ ಎರಡೂ ಕೈಗೆ ಬ್ಯಾಂಡೇಜ್ ಇದೆ ಮೇಸ್ತ್ರಿ, ಫೋನ್ ಹಿಡಿಯೋಕಾಗಲ್ಲ," ಎಂದರು ಇನ್‌ಸ್ಪೆಕ್ಟರ್.

"ಮಗಳು ಹಿಡೀತಾಳೆ."

ಮೂಲೆಗೆ ತಿರುಗಿ ಮಾತಾಡಿ ಬಂದ ಮೇಲೆ ಅವರು ಕೈ ತೊಳೆದರು, ಬ್ರಷ್ಷು ತೊಳೆದರು, ಡಬ್ಬಿಯ ಮುಚ್ಚಳ ಒತ್ತಿದರು. ಹೊರಗೆ ಜೀಪು ಮತ್ತೆ ಹಟ ಹಿಡಿದಿತ್ತು. ಕಾನ್‌ಸ್ಟೆಬಲ್‌ಗಳು ಬೈದುಕೊಳ್ಳುತ್ತಾ ಇಳಿದರು. ಹಿಂದಿನ ಸೀಟಿನಲ್ಲಿದ್ದ ಮೇಸ್ತ್ರಿಯೂ ಇಳಿದು, ಇಬ್ಬರ ನಡುವೆ ಜಾಗ ಮಾಡಿಕೊಂಡು ಹೆಗಲು ಕೊಟ್ಟರು. ಇನ್‌ಸ್ಪೆಕ್ಟರ್ ಬೇಡ ಎನ್ನಲು ಬಾಯಿ ತೆರೆದವರು, ಹಾಗೇ ಮುಚ್ಚಿಕೊಂಡು ತಾವೂ ಇಳಿದು ತಳ್ಳಿದರು.